ವರ್ಷದ ಹೊಸ ಹಾಡುಗಳಿಗೆ ಸ್ಥಾನ ನಿಗದಿಪಡಿಸುವ ಬಗೆ

ಡಿಸೆಂಬರಿನಲ್ಲಿ ಮೆಚ್ಚಿನ ಹಾಡುಗಳನ್ನು ಸಾಲಾಗಿ ಜೋಡಿಸಲು ಕುಳಿತರೆ, ನಿನ್ನೆ ಮೊನ್ನೆ ಕೇಳಿದ್ದೇ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದು, ಯುಗಾದಿಯ ಹೊತ್ತಿಗೆ ಬಂದದ್ದು ಮರೆತೇ ಹೋಗಿರುತ್ತದೆ. ಆದ್ದರಿಂದ ಜನವರಿಯಿಂದಲೇ ಹಾಡಿನ ಹೆಸರನ್ನೂ ಕೇಳಿದ ತಾರೀಖನ್ನೂ ಬರೆದಿಡಬೇಕು. ಎಲ್ಲವನ್ನೂ ಒಟ್ಟಿಗೆ ತೂಗದೆ ಎರಡೆರಡನ್ನೇ ಹೋಲಿಸಿ ನೋಡಿ. 10 ಹಾಡುಗಳಿಗೆ 45 ಜೋಡಿಗಳಾಗುವುದರಿಂದ ಇದು ಒಂದೇ ಸಂಜೆಗೆ ಮುಗಿಯುವ ಕೆಲಸವಲ್ಲ. ನಾನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ದಿನಕ್ಕೆ ಐದು ಜೋಡಿ ಕೇಳಿ, ಗೆದ್ದದ್ದಕ್ಕೆ ಬಸ್ ಟಿಕೆಟಿನ ಹಿಂಬದಿಯಲ್ಲಿ ಒಂದು ಗೀಟು ಹಾಕುತ್ತೇನೆ. ದಸರೆಯಲ್ಲಿ ಅರಮನೆಯ ಮುಂದೆ ಕೇಳಿದ ಕಛೇರಿಯನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ: ಆ ದೀಪಗಳ ಬೆಳಕು ಯಾವ ರಾಗಕ್ಕಾದರೂ ಎರಡು ಅಂಕ ಹೆಚ್ಚು ಕೊಡಿಸಿಬಿಡುತ್ತದೆ. ಮೊದಲ ಮೂರು ಸ್ಥಾನಗಳಿಗಷ್ಟೇ ತಲೆ ಕೆಡಿಸಿಕೊಂಡು, ಉಳಿದವನ್ನು ಅಕಾರಾದಿಯಾಗಿ ಬರೆದರಾಯಿತು.