ನ್ಯೂಟ್ರೋಫಿಲ್ ಮೇಲೆ ಜಿಂಜರಾಲ್: 50 ನ್ಯಾನೊಮೋಲಾರ್‌ನಲ್ಲೇ ಕೆಲಸವಾಯಿತು

ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಕ್ಕೆ 50 ನ್ಯಾನೊಮೋಲಾರ್ 6-ಜಿಂಜರಾಲ್ (ಶುಂಠಿಯ ಖಾರದ ಅಂಶ) ಎಂದರೆ ಲ್ಯಾಬ್‌ನಲ್ಲಿ ನಕ್ಕವರೇ ಹೆಚ್ಚು. ಎಲ್ಲರೂ 10–20 ಮೈಕ್ರೊಮೋಲಾರ್, ಅಂದರೆ ಅದರ ಇನ್ನೂರು–ನಾನೂರು ಪಟ್ಟು, ಸುರಿಯುವವರು. ಆದರೆ ಒಂದು ಲೀಟರ್ ಶುಂಠಿ ಟೀ ಕುಡಿದವರ ರಕ್ತದಲ್ಲಿ ಸಿಗುವುದು ಲೀಟರಿಗೆ 7ರಿಂದ 17 ಮೈಕ್ರೊಗ್ರಾಂ. 50 ನ್ಯಾನೊಮೋಲಾರ್ ಎಂದರೆ ಹೆಚ್ಚುಕಡಿಮೆ 15 ಮೈಕ್ರೊಗ್ರಾಂ. ಜರ್ಮನಿಯ ಫ್ರೈಸಿಂಗ್‌ನ ಲೈಬ್ನಿಟ್ಸ್ ಸಂಸ್ಥೆಯವರು 2023ರಲ್ಲಿ ಹೇಳಿದ್ದೂ ಇದೇ ಪ್ರಮಾಣ: ಬ್ಯಾಕ್ಟೀರಿಯಾದ್ದನ್ನು ಹೋಲುವ ಪೆಪ್ಟೈಡ್‌ಗೆ ಕೋಶಗಳು ಶೇ 30ರಷ್ಟು ಜೋರಾಗಿ ಎದ್ದವು, ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಚಾನೆಲ್ ಮೂಲಕ.

ಮೈಕ್ರೊಮೋಲಾರ್‌ನಲ್ಲಿ ನನಗೂ ಮೊದಲು ಸಿಕ್ಕಿದ್ದು ಉಲ್ಟಾ ಉತ್ತರ. 20 ಮೈಕ್ರೊಮೋಲಾರ್‌ಗೆ ಕೋಶ ಉಗುಳುವ ಆಕ್ಸಿಡೆಂಟನ್ನು ತೋರಿಸುವ ಲ್ಯುಮಿನಾಲ್ ಬೆಳಕು ಅರ್ಧಕ್ಕಿಳಿಯಿತು, "ಉರಿಯೂತ ತಗ್ಗಿತು" ಎಂದು ಖುಷಿಪಟ್ಟೆ. ಕೋಶವೇ ಇಲ್ಲದ ಪ್ಲೇಟ್ ಗುಳಿಯಲ್ಲಿ ಜಿಂಜರಾಲ್ ಜತೆ ಪೆರಾಕ್ಸಿಡೇಸ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೋಡಿದರೆ ಅಲ್ಲೂ ಬೆಳಕು ಇಳಿಯಿತು. ಫಿನಾಲ್ ಜಾತಿಯ ಜಿಂಜರಾಲ್ ತಾನೇ ಆಕ್ಸಿಡೆಂಟನ್ನು ನುಂಗುತ್ತಿತ್ತು, ಕೋಶಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೋಶ ಬದುಕಿದೆಯೇ ಎಂದು ಬಣ್ಣದಿಂದ ಹೇಳುವ ಎಂಟಿಟಿ ಪರೀಕ್ಷೆ ನಂಬಿದರೂ ಇದೇ ಗತಿ, ಬಣ್ಣವನ್ನು ಶುಂಠಿಯೇ ಕೊಡುತ್ತದೆ. ಸತ್ತ ಕೋಶಕ್ಕಷ್ಟೇ ಹಿಡಿಯುವ ಟ್ರಿಪಾನ್ ಬ್ಲೂ ಸಾಕು.

ಈಗ ಕೋಶ ಬಿಡುವ ಉರಿಯೂತದ ಸಂಕೇತವಾದ ಐಎಲ್-8 ಅಳೆಯಲು ಎಲೈಸಾ ಮಾಡುತ್ತೇನೆ. ಕಿಟ್ ಒಂದಕ್ಕೆ 40 ಸಾವಿರದ ಆಸುಪಾಸು, ಮೊದಲ ಮೂರು ನೀರಿಗೆ ಹೋದವು. ಕಾರಣ ಕ್ಯಾಲ್ಸಿಯಂ. ರಕ್ತ ತೆಗೆದದ್ದು ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಟ್ಯೂಬಿನಲ್ಲಿ, ತೊಳೆದದ್ದು ಕ್ಯಾಲ್ಸಿಯಂ ಇಲ್ಲದ ಸಾದಾ ಪಿಬಿಎಸ್ ಬಫರ್‌ನಲ್ಲಿ. ಅದು ಸರಿಯೇ. ಜಿಂಜರಾಲನ್ನೂ ಅದೇ ಪಿಬಿಎಸ್‌ನಲ್ಲಿ ಕೊಟ್ಟದ್ದು ತಪ್ಪು. ಟಿಆರ್‌ಪಿವಿ1 ತೆರೆದರೂ ಒಳಗೆ ಹೋಗಲು ಕ್ಯಾಲ್ಸಿಯಂ ಬೇಕಲ್ಲ! ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಹ್ಯಾಂಕ್ಸ್ ಬಫರ್‌ಗೆ ಬದಲಿಸಿದ ದಿನವೇ ಕಾಲು ಪಾಲು ಏರಿಕೆ ಕಂಡಿತು. ಟಿಆರ್‌ಪಿವಿ1 ಅನ್ನು ತಡೆಯುವ ಕ್ಯಾಪ್ಸಜೆಪೀನ್ ಹಾಕಿದಾಗ ಏರಿಕೆ ಬಿತ್ತು.

ನ್ಯೂಟ್ರೋಫಿಲ್ ಬೇರ್ಪಡಿಸಲು ರಕ್ತವನ್ನು ಫಿಕಾಲ್ ಎಂಬ ದಟ್ಟ ದ್ರವದ ಮೇಲೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ 400 ಜಿ, 30 ನಿಮಿಷ, ಬ್ರೇಕ್ ಬೇಡ. ತಳದಲ್ಲಿ ಜತೆಗಿರುವ ಕೆಂಪುಕಣ ಒಡೆಯಲು ಶೇ 0.2 ಉಪ್ಪುನೀರು 30 ಸೆಕೆಂಡ್, ಕೂಡಲೇ ಅಷ್ಟೇ ಅಳತೆಯ ಶೇ 1.6. ಇಲ್ಲಿ ಕೈ ನಿಧಾನವಾದರೆ ನ್ಯೂಟ್ರೋಫಿಲ್ಲೂ ಒಡೆಯುತ್ತದೆ. ವೋರ್ಟೆಕ್ಸ್ ಬೇಡ, ಗಾಜಿನ ಟ್ಯೂಬ್ ಬೇಡ: ಎರಡೂ ಕೋಶವನ್ನು ಮೊದಲೇ ಕೆರಳಿಸುತ್ತವೆ. ನಾಲ್ಕೈದು ಗಂಟೆಯೊಳಗೆ ಮುಗಿಸಬೇಕು.

1 ಮಿಲಿಗ್ರಾಂ ಜಿಂಜರಾಲ್‌ಗೆ 340 ಮೈಕ್ರೊಲೀಟರ್ ಡಿಎಂಎಸ್‌ಒ ದ್ರಾವಕ, ಅಂದರೆ 10 ಮಿಲಿಮೋಲಾರ್. ಅದನ್ನು ಡಿಎಂಎಸ್‌ಒದಲ್ಲೇ 200 ಪಟ್ಟು ತೆಳುಮಾಡಿ, ಬಳಸುವ ಹೊತ್ತಿಗೆ ಬಫರ್‌ನಲ್ಲಿ ಸಾವಿರ ಪಟ್ಟು. ಡಿಎಂಎಸ್‌ಒ ಶೇ 0.1 ದಾಟುವುದಿಲ್ಲ. ಕೋಶ ಕೆರಳಿಸುವ ಆ ಬ್ಯಾಕ್ಟೀರಿಯಾ ಮಾದರಿಯ ಪೆಪ್ಟೈಡ್, ಎಫ್‌ಎಂಎಲ್‌ಪಿ, 100 ನ್ಯಾನೊಮೋಲಾರ್ ಸಾಕು. ಅದಕ್ಕೆ ಮೊದಲು ಜಿಂಜರಾಲ್ ಜತೆ ಎಷ್ಟು ಹೊತ್ತು ಬಿಡಬೇಕು ಎನ್ನುವುದು ಸದ್ಯ ನನ್ನಲ್ಲೇ ಇರಲಿ. ಅರ್ಧ ಗಂಟೆಯಿಂದ ಶುರುಮಾಡಿ ಎರಡೂ ಕಡೆ ಸರಿದು ನೋಡಿ.

ಶುದ್ಧ ಜಿಂಜರಾಲ್ ದುಬಾರಿ ಎಂದು ಹಸಿಶುಂಠಿ ಜಜ್ಜಿದ ರಸವನ್ನೇ ಸೋಸಿ ಮೊನೊಸೈಟ್ ಎಂಬ ಇನ್ನೊಂದು ಬಿಳಿ ರಕ್ತಕಣಕ್ಕೆ ಹಾಕಿದ್ದೂ ಆಯಿತು. ಉರಿಯೂತದ ಸಂಕೇತ ಟಿಎನ್‌ಎಫ್ ಆಕಾಶಕ್ಕೇರಿತು. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಹೊರಕವಚದ ವಿಷ) ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಬೆರೆಸಿದರೆ ನೆಲಕ್ಕಿಳಿಯಿತು: ಎಲ್ಲವೂ ಮಣ್ಣಿನ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್. 0.2 ಮೈಕ್ರಾನ್ ಫಿಲ್ಟರ್ ಅದನ್ನು ಹಿಡಿಯುವುದಿಲ್ಲ. ಒಣಶುಂಠಿಯ ಖಾರದ ಅಂಶ ಶೋಗಾಲ್ ಇನ್ನೊಂದು ತಲೆನೋವು. ಕೋಶ ಬೆಳೆಸುವ ಮಾಧ್ಯಮದಲ್ಲಿ ಮರ್ಕ್ಯಾಪ್ಟೊಎಥನಾಲ್ ಎಂಬ ಗಂಧಕದ ಸಂಯುಕ್ತ ಇದ್ದರೆ ಶೋಗಾಲ್ ಕೋಶ ಮುಟ್ಟುವ ಮೊದಲೇ ಅದಕ್ಕೆ ಅಂಟಿಕೊಂಡು ಮುಗಿಯುತ್ತದೆ.