ಮೊದಲು ಭುಜದ ಹೊಲಿಗೆ ನೋಡಿ, ಆಮೇಲೆ ಬಣ್ಣ

ಎರಡು ವರ್ಷದ ಹಿಂದೆ ಗೆಳೆಯನ ಮನೆಯ ಕಾರ್ಯಕ್ರಮದಲ್ಲಿ ಯಾರೋ ತೆಗೆದ ಫೋಟೊ ಫೋನಿಗೆ ಬಂತು. ಅಪ್ಪ, ನಾನು, ಮಗ ಸಾಲಾಗಿ ನಿಂತಿದ್ದೆವು. ಆಗ ಅಪ್ಪನಿಗೆ 74, ನನಗೆ 44, ಮಗನಿಗೆ 19. ಮೂವರದ್ದೂ ಹೊಸ ಬಟ್ಟೆ. ಆದರೂ ಮೂವರೂ ಬೇರೆ ಯಾರದೋ ಬಟ್ಟೆ ಹಾಕಿಕೊಂಡವರ ಹಾಗೆ ಕಾಣುತ್ತಿದ್ದೆವು. ಅಪ್ಪನ ಶರ್ಟ್ ಮುಂದೆ ಜೋತುಬಿದ್ದು ಹಿಂದೆ ಮೇಲಕ್ಕೆ ಹೋಗಿತ್ತು. ನನ್ನ ಹೊಟ್ಟೆಯ ಹತ್ತಿರ ಎರಡು ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಟ್ಟಿತ್ತು. ಮಗನ ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು.

ಅಪ್ಪ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ನನಗೆ ಅದು ಮನಸ್ಸಿಗೆ ನಾಟಿತು. ಅವತ್ತಿನಿಂದ ಮೂವರ ಬಟ್ಟೆಯ ಜವಾಬ್ದಾರಿ ನಾನೇ ತೆಗೆದುಕೊಂಡೆ.

ಮಾರನೇ ದಿನ ಕಪಾಟಿನಲ್ಲಿದ್ದದ್ದನ್ನೆಲ್ಲ ಮಂಚದ ಮೇಲೆ ಹಾಕಿದೆ. ನನ್ನ ಶರ್ಟ್‌ಗಳೇ 27 ಇದ್ದವು. ಅದರಲ್ಲಿ ನಾನು ಮತ್ತೆ ಮತ್ತೆ ಹಾಕುತ್ತಿದ್ದದ್ದು ಐದನ್ನು ಮಾತ್ರ. ಒಂದು ಬಿಳಿ, ಎರಡು ನೀಲಿ, ಒಂದು ಚೌಕಳಿಯದು, ಒಂದು ಹಳೇ ಜೀನ್ಸ್ ಬಟ್ಟೆಯದು. ಬಣ್ಣವೂ ಬೇರೆ, ಬಟ್ಟೆಯೂ ಬೇರೆ. ಮತ್ತೆ ಈ ಐದಕ್ಕೇ ಯಾಕೆ ಕೈ ಹೋಗುತ್ತದೆ? ಒಂದೊಂದನ್ನೇ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಗೊತ್ತಾಯಿತು. ಐದರಲ್ಲೂ ಭುಜದ ಹೊಲಿಗೆ ಕೂರಬೇಕಾದ ಜಾಗದಲ್ಲೇ ಕೂತಿತ್ತು.

ಕುತ್ತಿಗೆಯ ಬುಡದಿಂದ ಭುಜದ ಮೇಲೆ ಬೆರಳು ಜಾರಿಸುತ್ತಾ ಬನ್ನಿ. ಮೂಳೆ ಮುಗಿದು ತೋಳು ಕೆಳಗಿಳಿಯುವ ಒಂದು ತಿರುವು ಸಿಗುತ್ತದೆ. ತೋಳನ್ನು ಜೋಡಿಸಿದ ಹೊಲಿಗೆ ಅಲ್ಲೇ ಇರಬೇಕು. ಅದಕ್ಕಿಂತ ಹೊರಗೆ ಇಳಿದರೆ ಇಡೀ ಶರ್ಟ್ ಸೋತ ಹಾಗೆ ಕಾಣುತ್ತದೆ. ಒಳಗೆ ಸರಿದರೆ ಕೈ ಎತ್ತಿದಾಗ ಕಂಕುಳಲ್ಲಿ ಎಳೆಯುತ್ತದೆ. ಪಕ್ಕದ ಅಗಲ, ತೋಳಿನ ಉದ್ದ, ಶರ್ಟಿನ ಉದ್ದ, ಈ ಮೂರನ್ನೂ ಯಾವ ಟೈಲರ್ ಬೇಕಾದರೂ ಸುಲಭವಾಗಿ ಕಡಿಮೆ ಮಾಡಿಕೊಡುತ್ತಾರೆ. ಭುಜ ಸರಿ ಮಾಡಬೇಕಾದರೆ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಅದು ದೊಡ್ಡ ಕೆಲಸ, ಎಷ್ಟೋ ಸಲ ಕೈ ಕೊಡುತ್ತದೆ. ಅದಕ್ಕೇ ಈಗ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಭುಜ. ಅದು ಸರಿ ಇಲ್ಲ ಅಂದ್ರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ವಾಪಸ್ ಇಟ್ಟುಬಿಡುತ್ತೇನೆ.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಹೊಸ ಹತ್ತಿ ಶರ್ಟನ್ನು ತಂದ ದಿನವೇ ಆಲ್ಟರ್ ಮಾಡಿಸಿದೆ. ಮೊದಲ ಒಗೆತಕ್ಕೆ ತೋಳು ಒಂದು ಬೆರಳಿನಷ್ಟು ಮೇಲೆ ಹೋಯಿತು. ನೇಯುವಾಗ ನೂಲನ್ನು ಎಳೆದು ಹಿಡಿದಿರುತ್ತಾರೆ, ನೀರು ಬಿದ್ದಾಗ ಆ ಎಳೆತ ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. ಹೊಲಿಯುವ ಮೊದಲೇ ಬಟ್ಟೆಯನ್ನು ಕುಗ್ಗಿಸಿಬಿಡುವ ವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದರು. 'ಸ್ಯಾನ್‌ಫರೈಸ್ಡ್' ಅನ್ನುವ ಮಾತು ಬಂದದ್ದು ಅವರ ಹೆಸರಿನಿಂದಲೇ. ಆದರೆ ಎಲ್ಲ ಬಟ್ಟೆಗೂ ಹಾಗೆ ಮಾಡಿರುವುದಿಲ್ಲ. ಈಗ ನಾನು ಎರಡು ಸಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಟೈಲರ್ ಹತ್ತಿರ ಹೋಗುತ್ತೇನೆ.

ನನ್ನ ವಯಸ್ಸಿನವರ ತೊಂದರೆ ಹೊಟ್ಟೆ. ಹೊಟ್ಟೆಗೆ ಸರಿಯಾಗಲಿ ಅಂತ ಒಂದು ಸೈಜ್ ದೊಡ್ಡದು ತಗೊಂಡರೆ ಭುಜ ಇಳಿಯುತ್ತದೆ. ಭುಜಕ್ಕೆ ಸರಿಯಾದದ್ದು ಹೊಟ್ಟೆಗೆ ಬಿಗಿ. ಗುಂಡಿಯ ಸುತ್ತ ಬಟ್ಟೆ ನಕ್ಷತ್ರದ ಹಾಗೆ ಸೆಳೆದುಕೊಂಡರೆ ಬಿಗಿ ಅಂತಲೇ ಲೆಕ್ಕ. ನನಗೆ ದಾರಿ ಸಿಕ್ಕಿದ್ದು ಸೈಜ್ ಬದಲಿಸದೆ ಕಟ್ ಬದಲಿಸಿದಾಗ. ಸ್ಲಿಮ್ ಫಿಟ್ ಬಿಟ್ಟು ಅದೇ ಸೈಜಿನ ರೆಗ್ಯುಲರ್ ಫಿಟ್ ತಗೊಂಡೆ. ಭುಜ ಹೆಚ್ಚುಕಡಿಮೆ ಅಷ್ಟೇ, ಸೊಂಟದ ಹತ್ತಿರ ಜಾಗ ಜಾಸ್ತಿ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವುದನ್ನೂ ಬಿಟ್ಟೆ. ಸೊಂಟ ಸ್ವಲ್ಪ ಮೇಲೆ ಬರುವ ಪ್ಯಾಂಟ್ ತಗೊಂಡು, ಅಂಗಡಿಯಲ್ಲೇ ಕುರ್ಚಿಯ ಮೇಲೆ ಕೂತು ನೋಡುತ್ತೇನೆ. ಕೂತಾಗ ಉಸಿರು ಹಿಡಿಯಬೇಕಾದರೆ ಅದು ನಮ್ಮದಲ್ಲ.

ಶರ್ಟನ್ನು ಹೊರಗೆ ಬಿಡುವವರು ಉದ್ದ ನೋಡಲೇಬೇಕು. ಕೆಳ ಅಂಚು ಬೆಲ್ಟಿಗಿಂತ ಕೆಳಗೆ, ಪ್ಯಾಂಟಿನ ಜಿಪ್ಪಿನ ಅರ್ಧದವರೆಗೆ ಬಂದರೆ ಸಾಕು. ಹಿಂದೆ ಮುಂದೆ ಬಾಲದ ಹಾಗೆ ಉದ್ದ ಇಳಿದಿರುವ ಶರ್ಟ್‌ಗಳನ್ನು ಒಳಗೆ ಸಿಕ್ಕಿಸಲೆಂದೇ ಕತ್ತರಿಸಿರುತ್ತಾರೆ. ಕಾಲರ್ ಇರುವ ಟೀ ಶರ್ಟಿನ ಹಿಂಭಾಗ ಉದ್ದ ಇರುವುದಕ್ಕೂ ಇದೇ ಕಾರಣ. ಅದು ಟೆನಿಸ್ ಅಂಗಳದ ಬಟ್ಟೆ. ಫ್ರಾನ್ಸಿನ ಆಟಗಾರ ರೆನೆ ಲಕೋಸ್ತ್ 1926ರಲ್ಲಿ ಅಮೆರಿಕದ ಪಂದ್ಯಾವಳಿಗೆ ಇಂಥ ಗಿಡ್ಡ ತೋಳಿನ ಹೆಣಿಗೆಯ ಶರ್ಟ್ ಹಾಕಿಕೊಂಡು ಇಳಿದರು. ಬಗ್ಗಿ ಚೆಂಡು ಹೊಡೆಯುವಾಗ ಶರ್ಟ್ ಪ್ಯಾಂಟಿನಿಂದ ಹೊರಗೆ ಬರದಿರಲಿ ಅಂತ ಹಿಂಭಾಗ ಉದ್ದ. ನಲವತ್ತು ದಾಟಿದವರಿಗೆ ರಜಾದಿನಕ್ಕೆ ಇದಕ್ಕಿಂತ ಒಳ್ಳೆಯ ಬಟ್ಟೆ ನನಗೆ ಗೊತ್ತಿಲ್ಲ. ಕಾಲರ್ ಇರುತ್ತದೆ, ಆದರೆ ಮೈಗೆ ಹಗುರ.

ಮಗನ ವಿಷಯದಲ್ಲಿ ನಾನೇ ಕಲಿತೆ. ಅವನ ದೊಗಳೆ ಟೀ ಶರ್ಟ್‌ಗಳನ್ನೆಲ್ಲ ತೆಗೆದುಹಾಕಲು ಹೊರಟಿದ್ದೆ. ಅವನು ಎರಡನ್ನು ಪಕ್ಕಪಕ್ಕ ಹರಡಿದ.

"ಅಪ್ಪ, ಇದು ದೊಡ್ಡ ಸೈಜ್ ಅಲ್ಲ, ಇದರ ಕಟ್ಟೇ ಹೀಗೆ. ಕತ್ತು ನೋಡು, ಸರಿಯಾಗಿದೆ. ಉದ್ದ ನೋಡು, ಸೊಂಟಕ್ಕೇ ನಿಲ್ಲುತ್ತೆ."

ಇನ್ನೊಂದು ಸುಮ್ನೆ ಎರಡು ಸೈಜ್ ದೊಡ್ಡದು. ಅದರಲ್ಲಿ ಕತ್ತು ಅಗಲವಾಗಿ ಎದೆ ಕಾಣುತ್ತಿತ್ತು, ಉದ್ದ ತೊಡೆಯ ಮಧ್ಯಕ್ಕೆ ಬರುತ್ತಿತ್ತು. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಭುಜ ಇಳಿದಿರುವ ಹಾಗೇ ವಿನ್ಯಾಸ ಮಾಡಿದ ಬಟ್ಟೆ ಬೇರೆ, ಅಳತೆ ತಪ್ಪಿದ ಬಟ್ಟೆ ಬೇರೆ. ಅವನ ವಯಸ್ಸಿಗೆ ಮೊದಲನೆಯದು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ನಾನು ಸೇರಿಸಿದ್ದು ಒಂದೇ ಮಾತು, ಬಟ್ಟೆಯ ದಪ್ಪ ನೋಡಿ ತಗೋ ಅಂತ. ಲೇಬಲ್ ಮೇಲೆ ಜಿಎಸ್ಎಂ ಅಂತ ಇದ್ದರೆ ಅದು ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಮಾಮೂಲಿ ಟೀ ಶರ್ಟಿಗೆ 180ರ ಆಸುಪಾಸು ನನಗೆ ಸರಿ ಅನಿಸಿದೆ. ದೊಗಳೆ ಕಟ್ಟಿಗೆ 220, 240 ಬೇಕು. ತೆಳು ಬಟ್ಟೆ ಆದರೆ ಆ ಆಕಾರ ನಿಲ್ಲುವುದಿಲ್ಲ, ಮೈಗೆ ಅಂಟಿಕೊಳ್ಳುತ್ತದೆ.

ಅವನು ಮೊದಲ ಸಲ ಒಂದು ಕೆಲಸದ ಸಂದರ್ಶನಕ್ಕೆ ಹೊರಟಾಗ ಕಾಲರಿನ ತುದಿಗೆ ಪುಟ್ಟ ಗುಂಡಿ ಇರುವ, ಆಕ್ಸ್‌ಫರ್ಡ್ ಅನ್ನುವ ಸ್ವಲ್ಪ ದಪ್ಪ ನೇಯ್ಗೆಯ ಹತ್ತಿ ಬಟ್ಟೆಯ ಶರ್ಟ್ ಕೊಡಿಸಿದೆ. ಟೈ ಇಲ್ಲದಿದ್ದರೂ ಆ ಕಾಲರ್ ಕುಸಿಯುವುದಿಲ್ಲ. ಕುದುರೆ ಮೇಲೆ ಪೋಲೊ ಆಡುವವರು ಕಾಲರ್ ಮುಖಕ್ಕೆ ಬಡಿಯದಿರಲಿ ಅಂತ ಹೀಗೆ ಗುಂಡಿ ಹಾಕಿಕೊಳ್ಳುತ್ತಿದ್ದರಂತೆ. ಜೊತೆಗೆ ಕಡು ನೀಲಿ ಚಿನೋಸ್ (ಹತ್ತಿಯ ಸಾದಾ ಪ್ಯಾಂಟ್), ಅಲಂಕಾರ ಏನೂ ಇಲ್ಲದ ಬಿಳಿ ಶೂ. ಹೊರಡುವ ಮೊದಲು ಶೂ ಒರೆಸಿದ್ದು ನಾನೇ.

ಹೆಚ್ಚು ಹೊತ್ತು ಹಿಡಿದದ್ದು, ಹೆಚ್ಚು ಮನಸ್ಸಿಟ್ಟು ಮಾಡಿದ್ದು ಅಪ್ಪನ ಬಟ್ಟೆ.

ಟೈಲರ್ ಅಳತೆ ಪಟ್ಟಿ ಹಿಡಿದು, "ಯಜಮಾನ್ರೇ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ" ಅಂದರು. ಅಪ್ಪ ಕಷ್ಟಪಟ್ಟು ಬೆನ್ನು ನೇರ ಮಾಡಿದರು. ಅಲ್ಲೇ ನನಗೆ ಹೊಳೆಯಿತು. ಇಷ್ಟು ವರ್ಷ ಅವರ ಶರ್ಟ್‌ಗಳನ್ನು ಹೊಲಿದದ್ದು ಆ ಎರಡು ನಿಮಿಷ ನೇರ ನಿಲ್ಲುವ ಅಪ್ಪನಿಗೆ. ದಿನವಿಡೀ ಬಾಗಿ ಓಡಾಡುವ ಅಪ್ಪನಿಗೆ ಹೊಲಿದ ಬಟ್ಟೆಯೇ ಇರಲಿಲ್ಲ. "ನಿಮಗೆ ಹೇಗೆ ಆಗುತ್ತೋ ಹಾಗೇ ನಿಲ್ಲಿ ಅಪ್ಪ" ಅಂದೆ. ಭುಜ ಮುಂದಕ್ಕೆ ಬಂತು, ಕತ್ತು ಸ್ವಲ್ಪ ಬಾಗಿತು. ಮತ್ತೆ ಅಳತೆ ತೆಗೆಸಿದೆ. ಬೆನ್ನಿನ ಉದ್ದ ಒಂದೂವರೆ ಇಂಚು ಜಾಸ್ತಿ ಬೇಕಾಯಿತು, ಮುಂದೆ ಒಂದು ಇಂಚು ಕಡಿಮೆ. ಆ ಶರ್ಟ್ ಹಾಕಿದ ದಿನ ಕೆಳ ಅಂಚು ಸುತ್ತಲೂ ಒಂದೇ ಮಟ್ಟದಲ್ಲಿ ನಿಂತಿತ್ತು.

ಆಮೇಲೆ ಗುಂಡಿ. ಅಪ್ಪನ ಬೆರಳಿನ ಗಂಟುಗಳು ಬಿಗಿದುಕೊಂಡಿವೆ. ಬೆಳಗ್ಗೆ ಕಾಲರಿನ ಗುಂಡಿಗೆ ಅವರು ಮೂರು ನಾಲ್ಕು ಸಲ ಪ್ರಯತ್ನಿಸುವುದನ್ನು ನೋಡಿದ್ದೇನೆ. ಸಹಾಯಕ್ಕೆ ಹೋದರೆ ಕೈ ಸರಿಸುತ್ತಾರೆ. ಅಯಸ್ಕಾಂತದ ಗುಂಡಿ ಇರುವ ಶರ್ಟ್‌ಗಳು ಸಿಗುತ್ತವೆ, ಆದರೆ ಅಪ್ಪನಿಗೆ ಹೃದಯದ ಬಡಿತ ಸರಿ ಇಡುವ ಪೇಸ್‌ಮೇಕರ್ ಇದೆ. ಎದೆಯ ಹತ್ತಿರ ಅಯಸ್ಕಾಂತ ಬರಬಾರದು. ಅದಕ್ಕೆ ಟೈಲರ್ ಹತ್ತಿರ ಗುಂಡಿಯ ಹಿಂದೆ ಒತ್ತಿದರೆ ಕೂರುವ ಪ್ರೆಸ್ ಬಟನ್ ಹಾಕಿಸಿದೆ. ಮಾಮೂಲಿ ಗುಂಡಿಯನ್ನು ಮೇಲಿನ ಪಟ್ಟಿಗೇ ಹೊಲಿಸಿದೆ. ನೋಡುವವರಿಗೆ ಗುಂಡಿ ಹಾಕಿದ ಹಾಗೇ ಕಾಣುತ್ತದೆ. ತೋಳಿನ ತುದಿಗೆ ವೆಲ್ಕ್ರೊ. ಅದನ್ನು ಮುಚ್ಚಿಯೇ ಒಗೆಯಬೇಕು, ಇಲ್ಲದಿದ್ದರೆ ಬೇರೆ ಬಟ್ಟೆಯನ್ನೆಲ್ಲ ಹಿಡಿದು ಎಳೆಯುತ್ತದೆ.

ಪ್ಯಾಂಟಿಗೆ ಸೊಂಟದ ಎರಡು ಪಕ್ಕದಲ್ಲಿ ಮಾತ್ರ ಎಲಾಸ್ಟಿಕ್, ಮುಂದೆ ನೇರ. ಕೆಳಗಿನ ಉದ್ದ ಹಿಮ್ಮಡಿಯನ್ನು ಮುಚ್ಚಬಾರದು, ಕಾಲಿಗೆ ಸಿಕ್ಕಿ ಬೀಳುವ ಭಯ ಇರುತ್ತದೆ. ಸ್ವೆಟರ್ ಮುಂದೆ ತೆರೆಯುವಂಥದ್ದೇ ಬೇಕು. ತಲೆಯ ಮೇಲಿಂದ ಹಾಕಲು ಕೈ ಎತ್ತುವುದು ಅವರಿಗೆ ನೋವು.

ಸಂದರ್ಭದ ಬಗ್ಗೆ ಬಹಳ ಹೇಳುವುದಿಲ್ಲ. ಬಣ್ಣ ಮಾಸದ, ಹರಿದ ವಿನ್ಯಾಸ ಇಲ್ಲದ ಒಂದು ಕಡು ನೀಲಿ ಜೀನ್ಸ್ ಇದ್ದರೆ ಅದರ ಮೇಲೇ ಎಲ್ಲ ನಡೆಯುತ್ತದೆ. ತಿರುಗಾಟಕ್ಕೆ ಟೀ ಶರ್ಟ್, ಬಟ್ಟೆಯ ಶೂ. ಗೆಳೆಯರ ಮನೆ ಊಟಕ್ಕೆ ಆಕ್ಸ್‌ಫರ್ಡ್ ಶರ್ಟ್, ಲೇಸ್ ಇಲ್ಲದ ಲೋಫರ್ ಶೂ. ಸಂಜೆಯ ಸಮಾರಂಭಕ್ಕೆ ಅದರ ಮೇಲೆ ಭುಜಕ್ಕೆ ಪ್ಯಾಡ್ ಇಲ್ಲದ ಮೆತ್ತನೆಯ ಬ್ಲೇಜರ್, ಕೆಳಗಿನ ಗುಂಡಿ ಹಾಕದೆ. ಬಿಸಿಲಿನ ಹೊರಾಂಗಣಕ್ಕೆ ಲಿನಿನ್, ಸುಕ್ಕಾದರೆ ಆಗಲಿ. ಜೀನ್ಸನ್ನು ಒಳಗು ಹೊರಗು ಮಾಡಿ ತಣ್ಣೀರಿನಲ್ಲಿ ಒಗೆಯಿರಿ. ಹಿಗ್ಗುವ ಜೀನ್ಸ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 1ರಿಂದ 2ರಷ್ಟು ಎಲಾಸ್ಟೇನ್ ಅನ್ನುವ ಹಿಗ್ಗುವ ನೂಲು ಇರುತ್ತದೆ, ಹೆಚ್ಚು ಬಿಸಿ ತಾಗಿದರೆ ಅದು ಸೋತು ಮಂಡಿಯ ಹತ್ತಿರ ಉಬ್ಬಿಕೊಳ್ಳುತ್ತದೆ.

ಮೂವರ ಅಳತೆಯನ್ನೂ ಫೋನಿನಲ್ಲಿ ಬರೆದಿಟ್ಟಿದ್ದೇನೆ. ಮಗನದು, ನನ್ನದು ವರ್ಷಕ್ಕೊಮ್ಮೆ ಸಾಕು. ಅಪ್ಪನದನ್ನು ಆರು ತಿಂಗಳಿಗೊಮ್ಮೆ ನಾನೇ ತೆಗೆಯುತ್ತೇನೆ, ಅವರಿಗೆ ಆಗುವ ಹಾಗೆ ನಿಲ್ಲಿಸಿ. ಕಳೆದ ಸಲ ಮುಂದಿನ ಉದ್ದ ಇನ್ನೂ ಅರ್ಧ ಇಂಚು ಕಡಿಮೆಯಾಗಿತ್ತು.