ಭತ್ತದ ದುಡ್ಡಿನಿಂದ ಹೂಡಿಕೆ ಶುರು ಮಾಡುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಮಾರಿದ ವಾರದಲ್ಲೇ ಫೋನಿನಲ್ಲಿ ಎಸ್‌ಐಪಿ (ತಿಂಗಳಿಗಿಷ್ಟು ಅಂತ ಬ್ಯಾಂಕ್ ಖಾತೆಯಿಂದ ತಾನಾಗೇ ಮ್ಯೂಚುವಲ್ ಫಂಡ್‌ಗೆ ಹೋಗುವ ಕಂತು) ಶುರು ಮಾಡಿದವರನ್ನು ತುಂಬಾ ನೋಡಿದ್ದೇನೆ. ಆಗ ಖಾತೆ ತುಂಬಿರುತ್ತದೆ, ತಿಂಗಳಿಗೆ 5,000 ಅಂತ ಹಾಕಿಬಿಡುತ್ತಾರೆ. ಎರಡು ಕಂತು ಸಲೀಸಾಗಿ ಹೋಗುತ್ತವೆ. ಅಷ್ಟರಲ್ಲಿ ಗೊಬ್ಬರದ ಅಂಗಡಿಯ ಉದ್ರಿ, ನಾಟಿ ಕೂಲಿ, ಮಕ್ಕಳ ಫೀಸು ಎಲ್ಲ ಒಟ್ಟಿಗೆ ಬರುತ್ತವೆ, ಮೂರನೇ ಕಂತಿಗೆ ಖಾತೆಯಲ್ಲಿ ಏನೂ ಇರುವುದಿಲ್ಲ. ಫಂಡ್ ಕಂಪನಿ ದಂಡ ಹಾಕುವುದಿಲ್ಲ, ಆದರೆ ಬ್ಯಾಂಕು ಹಾಕುತ್ತದೆ. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದು. ‘ಇದು ನಮ್ಮಂಥವರಿಗಲ್ಲ ಬಿಡ್ರಿ’ ಅಂತ ಅಲ್ಲಿಗೇ ಕೈಬಿಡುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ತಿಂಗಳ ಕಂತು ಸಂಬಳದವರಿಗೆ ಹೊಂದುತ್ತದೆ, ವರ್ಷಕ್ಕೆ ಎರಡು ಸಲ ದುಡ್ಡು ನೋಡುವ ಮನೆಗೆ ಬೇರೆ ದಾರಿ ಇದೆ.

ಮೊದಲು ಸಾಲ ತೀರಿಸಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 24. ಅಷ್ಟನ್ನು ಖಾತ್ರಿಯಾಗಿ ಗಳಿಸಿಕೊಡುವ ಹೂಡಿಕೆ ಇಲ್ಲ.

ಆಮೇಲೆ, ಒಂದು ಬೆಳೆ ಕೈಕೊಟ್ಟರೂ ಮನೆ ನಡೆಯುವಷ್ಟು ದುಡ್ಡನ್ನು ಎಫ್‌ಡಿಯಲ್ಲಿಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ, ಅಲ್ವಾ? ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಆದರೆ ಸಹಿ ಮಾಡುವ ಮುಂಚೆ ಕಾಗದ ಓದಿ. ನಮ್ಮ ಅವ್ವನಿಗೆ ಒಂದು ಬ್ಯಾಂಕಿನಲ್ಲಿ ಎಫ್‌ಡಿ ಅಂತ ಹೇಳಿ ವಿಮೆ ಪಾಲಿಸಿ ಮಾಡಿಸಿದ್ದರು. ‘ಪ್ರೀಮಿಯಂ’ ಅನ್ನುವ ಪದ ಕಂಡರೆ ಅದು ಎಫ್‌ಡಿ ಅಲ್ಲ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು.

ಫಂಡ್‌ಗೆ ಬೇಕಾದ ಪ್ಯಾನ್, ಆಧಾರ್, ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ), ನಾಮಿನಿ ಇವೆಲ್ಲ ಫೋನಿನಲ್ಲೇ ಆಗುವ ಕೆಲಸ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಉಳಿದ ದುಡ್ಡು 30,000 ಅಂದುಕೊಳ್ಳಿ. ಅದನ್ನು ಒಂದೇ ಸಲ ಲಿಕ್ವಿಡ್ ಫಂಡ್‌ಗೆ, ಅಂದರೆ ಕಡಿಮೆ ಅವಧಿಯ ಸಾಲಪತ್ರಗಳಲ್ಲಿ ದುಡ್ಡಿಡುವ ಫಂಡ್‌ಗೆ ಹಾಕಿ. ಅಲ್ಲಿ ಏರಿಳಿತ ತೀರಾ ಕಡಿಮೆ, ಬೇಕೆಂದರೆ ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ದುಡ್ಡು ಖಾತೆಗೆ ಬರುತ್ತದೆ. ಅಲ್ಲಿಂದ ತಿಂಗಳಿಗೆ 5,000ದಂತೆ ಆರು ತಿಂಗಳು ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ (ನಿಫ್ಟಿ ಸೂಚ್ಯಂಕದಲ್ಲಿರುವ 50 ದೊಡ್ಡ ಕಂಪನಿಗಳ ಷೇರುಗಳಲ್ಲಿ ದುಡ್ಡಿಡುವ ಫಂಡ್) ಹೋಗುವಂತೆ ಎಸ್‌ಟಿಪಿ ಹಾಕಿ. ಎಸ್‌ಟಿಪಿ ಅಂದರೆ ಒಂದು ಫಂಡ್‌ನಿಂದ ಇನ್ನೊಂದಕ್ಕೆ ಕಂತಿನಲ್ಲಿ ತಾನಾಗೇ ದುಡ್ಡು ಹೋಗುವ ವ್ಯವಸ್ಥೆ. ಎರಡೂ ಫಂಡ್ ಒಂದೇ ಕಂಪನಿಯದ್ದಾಗಿರಬೇಕು, ಇಲ್ಲದಿದ್ದರೆ ಎಸ್‌ಟಿಪಿ ಆಗುವುದೇ ಇಲ್ಲ. ಅದಕ್ಕೇ ಮೊದಲು ಇಂಡೆಕ್ಸ್ ಫಂಡ್ ಆರಿಸಿ, ಆಮೇಲೆ ಅದೇ ಕಂಪನಿಯ ಲಿಕ್ವಿಡ್ ಹುಡುಕಿ. ಜನ ಇದನ್ನು ಉಲ್ಟಾ ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡರ ಹೆಸರಿನಲ್ಲೂ ‘ಡೈರೆಕ್ಟ್’ (ಏಜೆಂಟರಿಲ್ಲದೆ ನೇರವಾಗಿ), ‘ಗ್ರೋತ್’ (ಲಾಭ ಹಂಚದೆ ಫಂಡ್‌ನಲ್ಲೇ ಬೆಳೆಯಲು ಬಿಡುವುದು) ಇದೆಯಾ ನೋಡಿ. ‘ರೆಗ್ಯುಲರ್’ ಅಂತಿದ್ದರೆ ಏಜೆಂಟರ ಕಮಿಷನ್ ವರ್ಷವರ್ಷವೂ ನಿಮ್ಮ ದುಡ್ಡಿನಿಂದಲೇ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಟೆಲಿಗ್ರಾಂ ಟಿಪ್ಸ್ ನಂಬಿ ಬಿಡಿ ಷೇರು ಕೊಳ್ಳುವ ಅಡ್ಡದಾರಿ ಬೇಡವೇ ಬೇಡ.

ಇನ್ನೊಂದು ಮಾತು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಂತ ಫಂಡ್ ಲಾಭಕ್ಕೂ ಇಲ್ಲ ಅಂದುಕೊಳ್ಳಬೇಡಿ. ಅದರ ಲೆಕ್ಕವೇ ಬೇರೆ.

ಇಂಡೆಕ್ಸ್‌ಗೆ ಹೋಗುವ ದುಡ್ಡು ಏಳು ವರ್ಷ ಬೇಡ ಅನ್ನುವಂಥದ್ದಾಗಿರಲಿ. ಬರುವ ವರ್ಷದ ಮಗಳ ಮದುವೆ ದುಡ್ಡು ಇಲ್ಲಿ ಹಾಕಲೇಬಾರದು. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್‌ನಲ್ಲಿ 7,600ರ ಹತ್ತಿರಕ್ಕೆ ಬಿತ್ತು. ನವೆಂಬರ್ ಹೊತ್ತಿಗೆ ಮತ್ತೆ ಮೇಲೆ ಬಂತು, ಆದರೆ ನಡುವೆ ಹೆದರಿ ಮಾರಿದವರ ನಷ್ಟ ಹಾಗೇ ಉಳಿಯಿತು.

ಮುಂದಿನ ಬೆಳೆ ಬಂದಾಗ ಮತ್ತೆ ಲಿಕ್ವಿಡ್‌ಗೆ ಹಾಕಿ ಹೊಸ ಎಸ್‌ಟಿಪಿ ಮಾಡಿ. ಕಾಲುವೆಗೆ ನೀರು ಬರದೆ ಬೆಳೆಯೇ ಇಲ್ಲ ಅಂದರೆ? ಆರನೇ ಕಂತಿಗೆ ಹಳೇ ಎಸ್‌ಟಿಪಿ ಸುಮ್ನೆ ನಿಲ್ಲುತ್ತದೆ. ಬ್ಯಾಂಕಿನ ದಂಡ ಇಲ್ಲ, ಹಾಕಿದ್ದು ಅಲ್ಲೇ ಇರುತ್ತದೆ.